ಅಜ್ಜಿಯ ಮದುವೆ ಸೀರೆಗೆ ಬಣ್ಣ ಹಾಕಿದ್ದು

ಅಜ್ಜಿಗೆ ಎಂಬತ್ತು ತುಂಬಿದ ವರ್ಷ ಮನೆಯಲ್ಲಿ ಸಣ್ಣ ಸಮಾರಂಭ ಇಟ್ಟುಕೊಂಡೆವು. ಆಹ್ವಾನ ಪತ್ರಿಕೆಯ ಮೇಲೆ ಅಜ್ಜ ಅಜ್ಜಿಯ ಮದುವೆ ಫೋಟೋ ಬಣ್ಣದಲ್ಲಿ ಬರಬೇಕು, ಅದೂ ಅಜ್ಜಿಗೆ ಗೊತ್ತಾಗದಂತೆ ಎಂಬುದು ನನ್ನ ಸೋದರತ್ತೆಯ ಆಸೆ. ಫೋಟೋ ಇದ್ದದ್ದು ಕಪ್ಪು ಬಿಳುಪಿನಲ್ಲಿ. ನಾನು ಆಗಷ್ಟೇ ಸರಸ್ವತಿಪುರಂನ ಒಂದು ಡಿಟಿಪಿ ಸೆಂಟರಿನಲ್ಲಿ ಕೆಲಸಕ್ಕೆ ಸೇರಿ, ನೆಂಟರ ಪಾಲಿಗೆ ಕಂಪ್ಯೂಟರ್ ಪಂಡಿತನಾಗಿದ್ದೆ. ಒಪ್ಪಿಕೊಂಡುಬಿಟ್ಟೆ.

ಭಾನುವಾರ ಸೆಂಟರಿಗೆ ರಜೆ. ಮಾಲೀಕರಿಂದ ಬೀಗದ ಕೈ ಇಸಿದುಕೊಂಡಿದ್ದೆ. ಅತ್ತೆ ನಜರ್‌ಬಾದಿನಿಂದ ಆಟೋದಲ್ಲಿ ಬಂದು ನನ್ನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತರು. ಸೀರೆ ಗಿಳಿಹಸಿರು ಎಂದರು. ಅವರು ಹುಟ್ಟುವ ಮೊದಲು ನಡೆದ ಮದುವೆಯ ಸೀರೆ ಅವರಿಗೆ ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ. ಫೋಟೋ ಸ್ಕ್ಯಾನ್ ಮಾಡಿ, ಪರದೆಯ ಮೇಲೆ ಸೀರೆಗೆ ಗಿಳಿಹಸಿರು ಆರಿಸಿ ಬಳಿದೆ. ಬೂದಿ ಬಣ್ಣ ಬಂತು. ಕೆಂಪು ಬಳಿದೆ. ಅದೂ ಬೂದಿ.

“ನಿನ್ನ ಕಂಪ್ಯೂಟರಿಗೆ ಪೊರೆ ಬಂದಿರ್ಬೇಕು ಕಣೋ,” ಎಂದರು ಅತ್ತೆ.

ಮಾಲೀಕರಿಗೆ ಫೋನ್ ಮಾಡಿದೆ. ಚಿತ್ರ ಗ್ರೇಸ್ಕೇಲ್‌ನಲ್ಲಿದೆ, ಆ ಮೋಡ್‌ನಲ್ಲಿ ಕಪ್ಪು, ಬಿಳುಪು, ಬೂದಿ ಬಿಟ್ಟರೆ ಬೇರೆ ಬಣ್ಣವೇ ಇರುವುದಿಲ್ಲ, ಎಲ್ಲ ಬಣ್ಣ ಸಿಗುವ ಆರ್‌ಜಿಬಿಗೆ ಬದಲಾಯಿಸು ಎಂದರು. ಬದಲಾಯಿಸಿದೆ. ಸೀರೆ ಪರದೆಯ ಮೇಲೆ ಫಳಫಳ ಹೊಳೆಯಿತು. ಅತ್ತೆ ಖುಷಿಯಲ್ಲಿ ಅಜ್ಜನ ಪೇಟಕ್ಕೆ ನೇರಳೆ ಹಾಕಿಸಿದರು, ಕೆನ್ನೆಗೆ ಗುಲಾಬಿಯೂ ಬೇಕೆಂದರು. ಅಜ್ಜ ನಾಟಕಕ್ಕೆ ಹೊರಟವರಂತೆ ಕಂಡರು.

ಮರುದಿನ ಮಾಲೀಕರು ಚಿತ್ರವನ್ನು ಅಚ್ಚಿಗಾಗಿ ಸಿಎಂವೈಕೆಗೆ ತಿರುಗಿಸಿದರು. ಪರದೆ ಬಣ್ಣ ತೋರಿಸುವುದು ಬೆಳಕಿನಲ್ಲಿ, ಪ್ರೆಸ್ಸಿನವರದು ನಾಲ್ಕು ಶಾಯಿಯ ಲೆಕ್ಕ, ಅಷ್ಟು ಹೊಳಪು ಶಾಯಿಗೆ ದಕ್ಕುವುದಿಲ್ಲ ಎಂದು ವಿವರಿಸಿದರು. ಅಚ್ಚಾಗಿ ಬಂದ ಪತ್ರಿಕೆಯಲ್ಲಿ ಸೀರೆ ಬಾಡಿದ ಸೊಪ್ಪಿನ ಹಾಗಿತ್ತು. ಬೆಳಕು, ಶಾಯಿ ಎಂದು ನಾನೂ ಅತ್ತೆಗೆ ತಿಳಿಹೇಳಲು ನೋಡಿದೆ. ಅವರು ಕಾಗದವನ್ನು ಬೆರಳಿನಿಂದ ಉಜ್ಜಿದರು.

“ಒಂದೇ ಒಗೆತಕ್ಕೆ ಬಣ್ಣ ಬುಟ್ಬುಡ್ತಲ್ಲೋ.”

ಪತ್ರಿಕೆಗಳೆಲ್ಲ ಹಂಚಿಹೋದ ಮೇಲೆ ಅಜ್ಜಿಗೆ ಒಂದನ್ನು ಕೊಟ್ಟೆವು. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ಇವ್ರು ನಿಮ್ಮಜ್ಜ, ಸರಿ. ಪಕ್ಕದಲ್ಲಿರೋ ಹಸ್ರು ಸೀರೆಯವ್ಳು ಯಾರು?”

“ನೀನೇ ಕಣಮ್ಮ,” ಎಂದರು ಅತ್ತೆ.

“ನಾನು ಉಟ್ಟಿದ್ದು ಅರಿಶಿನದ ಬಣ್ಣದ್ದು ಕಣೇ. ಅವತ್ತೆಲ್ಲ ತಲೆ ಬಗ್ಗಿಸ್ಕೊಂಡು ಆ ಸೀರೆ ಒಂದನ್ನೇ ನೋಡ್ತಾ ಕೂತಿದ್ದೆ.”

ಅತ್ತೆ ಅದು ಕಂಪ್ಯೂಟರಿನ ತಪ್ಪೆಂದು ನನ್ನ ಕಡೆ ಕೈ ತೋರಿಸಿದರು. ಆದರೂ ಸಮಾರಂಭಕ್ಕೆಂದು ಅವರು ಅಜ್ಜಿಗೆ ತಂದದ್ದು ಗಿಳಿಹಸಿರು ರೇಷ್ಮೆಯನ್ನೇ. ಪತ್ರಿಕೆ ನೋಡಿ ಬಂದವರು ಗುರುತು ಹಿಡಿಯಬೇಕಲ್ಲ ಎಂಬುದು ಅವರ ವಾದ. ಅಜ್ಜಿ ಅದನ್ನು ಉಟ್ಟುಕೊಂಡರು. ಅಷ್ಟೇ ಅಲ್ಲ, ಬಂದ ನೆಂಟರಿಗೆಲ್ಲ ಸೆರಗು ಹಿಡಿದು ತೋರಿಸಿ, ಇದು ನನ್ನ ಮದುವೆ ಸೀರೆ ಎಂದು ಹೇಳಿಕೊಂಡು ಓಡಾಡಿದರು.