ರಾಣಿ ಇನ್ನೂ ಬಂದಿಲ್ಲ

ದರ್ಜಿ ಬೆಳ್ಳಪ್ಪನ ಬಾಯಿಂದ ಹೊರಡುವ ಅತಿ ದೊಡ್ಡ ಮೆಚ್ಚುಗೆ ಎಂದರೆ 'ಅಡ್ಡಿಲ್ಲ'. ಮಗಳ ಮದುವೆಯ ಊಟಕ್ಕೂ ಅಡ್ಡಿಲ್ಲ, ಮಳೆಗಾಲದ ಜೋಗಕ್ಕೂ ಅಡ್ಡಿಲ್ಲ. ರಿಪ್ಪನ್‌ಪೇಟೆಯಲ್ಲಿ ವಾಸಪ್ಪನವರ ಜವಳಿ ಅಂಗಡಿಯ ಜಗಲಿಯಲ್ಲಿ ಮಷಿನ್ ಇಟ್ಟುಕೊಂಡು ಕೂತಿದ್ದ ಅವನು ಯಾವ ಗಿರಾಕಿಗೂ 'ಈ ಬಣ್ಣ ನಿಮಗೆ ಒಪ್ಪುತ್ತೆ' ಅಂದವನಲ್ಲ. ಅಂಥ ದರ್ಜಿಯನ್ನು ಬುದ್ಧಿ ನೆಟ್ಟಗಿರುವ ಯಾವ ವ್ಯಾಪಾರಿಯೂ ಜಗಲಿಗೆ ಸೇರಿಸಬಾರದು. ವಾಸಪ್ಪ ಸೇರಿಸಿದ್ದರು, ಏಕೆಂದರೆ ಬೆಳ್ಳಪ್ಪ ಹೊಲಿದ ಬಟ್ಟೆ ತಕರಾರಿಗೆಂದು ವಾಪಸು ಬಂದದ್ದಿಲ್ಲ.

ಹೆಂಡತಿ ಹುಲಿಯಮ್ಮನದು ಬೇರೆಯದೇ ಜಾಯಮಾನ. ಘಟ್ಟದ ಕೆಳಗಿನಿಂದ ಬರುವ ಒಣಮೀನನ್ನು ಸಂತೆಯಲ್ಲಿ ಮಾರುವವಳು. ಎತ್ತರದ ಆಳು, ನೇರಳೆ ಹಣ್ಣಿನ ಕಪ್ಪು. ಮೇಲಿನ ಹಲ್ಲೊಂದು ಪಕ್ಕದ ಹಲ್ಲಿನ ಹೆಗಲೇರಿ ಕೂತಿತ್ತು. ತಕ್ಕಡಿ ಹಿಡಿಯುವುದು ಎಡಗೈಯಲ್ಲಿ. ಅವಳು 'ಹೋಯ್' ಅಂದರೆ ಹೊಸನಗರದ ಬಸ್ಸಿನ ಡ್ರೈವರು ತನ್ನನ್ನೇ ಕರೆದರು ಅಂದುಕೊಂಡು ಬ್ರೇಕು ಒತ್ತಿದ್ದೂ ಉಂಟು. ಹುಲಿಯಮ್ಮ ಒಳ್ಳೆಯದು ಅಂದ ಸೀಗಡಿಯನ್ನು ಯಾರೂ ಮೂಸಿ ನೋಡುತ್ತಿರಲಿಲ್ಲ. ಮಾತೇ ಅವಳ ಬಂಡವಾಳ.

ಆ ಹಲ್ಲಿನ ದೆಸೆಯಿಂದ ಹಿಂದೆ ಎರಡು ಸಂಬಂಧ ಹೊಸ್ತಿಲಿನಿಂದಲೇ ತಿರುಗಿ ಹೋಗಿದ್ದವು. ಆಮೇಲೆ ನೋಡಲು ಬಂದವನು ಬೆಳ್ಳಪ್ಪ. ಅವನು ಹೋದ ಮೇಲೆ "ಏನಂದ ಅಪ್ಪಯ್ಯ?" ಎಂದು ಅವಳು ಕೇಳಿದಳು. "ಅಡ್ಡಿಲ್ಲ ಅಂದ" ಎಂದಿದ್ದರು ಅಪ್ಪ. ಇಪ್ಪತ್ತೈದು ವರ್ಷದ ಸಂಸಾರವನ್ನು ಆ ಒಂದು ಮಾತಿನ ಮೇಲೆ ನಡೆಸಿಕೊಂಡು ಬಂದವಳು ಅವಳು. ಸಂತೆಯಲ್ಲಿ ಬಾಯಿ ತುಂಬ ನಗುವ ಹೆಂಗಸು, ಫೋಟೋ ತೆಗೆಯುವವನ ಮುಂದೆ ಮಾತ್ರ ತುಟಿ ಬಿಗಿದು ನಿಲ್ಲುತ್ತಿದ್ದಳು.

ಬೆಳ್ಳಪ್ಪನಿಗೆ ಒಂದೇ ಚಟ, ಓದು. ದಾರ, ಗುಂಡಿ ತರಲು ಸಾಗರಕ್ಕೆ ಹೋದಾಗಲೆಲ್ಲ ಅಲ್ಲಿನ ಲೈಬ್ರರಿಯಿಂದ ಒಂದು ಕಾದಂಬರಿ ತರುತ್ತಿದ್ದ. 'ಹೊಗೆಕೋಟೆ' ಎಂಬ ಏಳು ಸಂಪುಟದ ಮಾಯಾಮಂತ್ರದ ಕಾದಂಬರಿಯನ್ನು ಅವನು ಹಾಗೆಯೇ ಒಂದೊಂದಾಗಿ ತಂದು ಮುಗಿಸಿದ್ದು. ಹುಲಿಯಮ್ಮನಿಗೆ ಅಕ್ಷರ ಬಾರದು. ದೀಪ ಹಚ್ಚುವ ಹೊತ್ತಿಗೆ ಅವಳು ಮೊರದಲ್ಲಿ ಸೀಗಡಿ ಆರಿಸುತ್ತ ಎದುರು ಕೂರುವಳು, ಇವನು ಓದುವನು. ಮೊದಲನೆಯ ಸಂಪುಟದಲ್ಲೇ ಬೆಳ್ಳಪ್ಪ ಒಂದು ಕಿತಾಪತಿ ಮಾಡಿದ. ಹೊಗೆಕೋಟೆಯ ರಾಣಿ ಮೇಘಾಂಬೆಗೆ ಪುಸ್ತಕದಲ್ಲಿ ಹಾಲಿನ ಮೈಬಣ್ಣ, ಮಲ್ಲಿಗೆ ಮೊಗ್ಗಿನ ಹಲ್ಲು, ಕೋಗಿಲೆಯ ಕಂಠ. ಅವನು ಓದಿದ್ದು ಬೇರೆ: ಕಪ್ಪು, ಎತ್ತರ, ಹಲ್ಲಿನ ಮೇಲೆ ಹಲ್ಲು, ಕೂಗಿದರೆ ಆಚೆ ದಡದ ದೋಣಿ ನಿಲ್ಲಬೇಕು, ಕತ್ತಿ ಹಿಡಿಯುವುದು ಎಡಗೈಯಲ್ಲಿ. ಒಮ್ಮೆ ಅಳತೆ ತಪ್ಪಿಸಿ ಕತ್ತರಿಸಿದ ಮೇಲೆ ಅಂಗಿಯನ್ನು ಅದೇ ಅಳತೆಗೆ ಹೊಲಿದು ಮುಗಿಸಬೇಕಲ್ಲ! ಏಳು ಸಂಪುಟವೂ ಹಾಗೇ ನಡೆಯಿತು.

ಪುಸ್ತಕಗಳು ಸಾಗರಕ್ಕೆ ಹಿಂತಿರುಗಿದವು. ಕಥೆ ಮಾತ್ರ ಹುಲಿಯಮ್ಮನ ಬಾಯಲ್ಲಿ ಉಳಿಯಿತು. ಸಂತೆಯಲ್ಲಿ ಗಿರಾಕಿ ಕಡಿಮೆ ಇದ್ದಾಗ ಅವಳು ಹೇಳುವಳು. ರಾಣಿ ಮೇಘಾಂಬೆಯನ್ನು ಸುತ್ತಲಿನ ಹತ್ತೂರಿನವರು ಅವಳ ಮೂಲಕವೇ ಬಲ್ಲರು. ಹುಲಿಯಮ್ಮನಿಗೆ ಆ ರಾಣಿಯ ಮೇಲೆ ವಿಪರೀತ ಅಭಿಮಾನ. ತನಗೂ ರಾಣಿಗೂ ಇರುವ ಹೋಲಿಕೆ ಮಾತ್ರ ಅವಳಿಗಾಗಲಿ, ಕಥೆಯಲ್ಲಿ ಮುಳುಗಿ ಕೇಳುವವರಿಗಾಗಲಿ ಹೊಳೆದಿರಲೇ ಇಲ್ಲ. ಕನ್ನಡಿ ನೋಡಿಕೊಂಡು ರಾಣಿ ನೆನಪಾಗುವಂಥ ಬದುಕಲ್ಲ ಅವಳದು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಮುಂಬಯಿಯವರು 'ಹೊಗೆಕೋಟೆ'ಯನ್ನು ಹಿಂದಿಯಲ್ಲಿ ಧಾರಾವಾಹಿ ಮಾಡಿ ಭಾನುವಾರ ಬೆಳಿಗ್ಗೆ ಟಿವಿಗೆ ಬಿಟ್ಟರು. ವಾಸಪ್ಪ ಅಂಗಡಿಗೆ ಟಿವಿ ತಂದರು. ನೋಡಲು ಬಂದವರು ಸುಮ್ಮನೆ ಹೋಗುತ್ತಾರೆಯೇ, ಒಂದು ಟವೆಲಾದರೂ ಒಯ್ಯುತ್ತಾರೆ ಎಂಬುದು ಅವರ ಲೆಕ್ಕಾಚಾರ. ಜನ ಬಂದರು, ಹಾಸಿದ್ದ ಜಮಖಾನ ಸವೆಸಿದರು, ಕರ್ಚೀಫನ್ನೂ ಕೊಳ್ಳದೆ ಎದ್ದುಹೋದರು.

ಹಿಂದಿ ಯಾರಿಗೂ ಬಾರದು. ಹಾಗಾಗಿ ಕಥೆ ಹೇಳುವ ಕೆಲಸ ತಾನಾಗಿ ಹುಲಿಯಮ್ಮನ ಪಾಲಿಗೆ ಬಂತು. ಟಿವಿಯ ಪಕ್ಕ ಸ್ಟೂಲು ಹಾಕಿ ಅವಳನ್ನು ಕೂರಿಸಿದರು. ನೀರಿನ ಮೇಲೆ ಓಡುವ ಕುದುರೆ ಬಂದಾಗ ಬಸ್ ಏಜೆಂಟ್ ಜಟ್ಟಿಂಗಪ್ಪ, "ಇಂಥದ್ದೊಂದನ್ನ ಹಿನ್ನೀರಿನಾಚೆ ತುಮರಿಗೆ ಬಿಟ್ಟಿದ್ರೆ ಲಾಂಚ್ ಕಾಯೋದು ತಪ್ತಿತ್ತು ಮಾರಾಯ್ರೆ" ಅಂದ. ಮಾಂತ್ರಿಕ ಗಾಳಿಯಲ್ಲಿ ತೇಲಿದಾಗ ಹಗ್ಗ ಕಂಡಿತು. "ಅದು ಮಂತ್ರದ ಹಗ್ಗ, ಎಲ್ಲರ ಕಣ್ಣಿಗೂ ಕಾಣಲ್ಲ" ಎಂದು ಹುಲಿಯಮ್ಮ ಸಮಾಧಾನ ಹೇಳಿದಳು.

ಮೂರನೆಯ ವಾರ ತೆಳ್ಳಗೆ, ಬೆಳ್ಳಗೆ ಇದ್ದ ಒಬ್ಬಳು ಬಂದು ಪಿಸುಪಿಸು ಮಾತಾಡಿದಳು. "ಇವಳೇ ರಾಣಿಯೇನೆ ಹುಲಿಯಕ್ಕ?" ಎಂದು ಯಾರೋ ಕೇಳಿದರು.

"ಥೂ, ಇವಳು ದಾಸಿ. ರಾಣಿ ಇನ್ನೂ ಬಂದಿಲ್ಲ."

"ರಾಣಿ, ರಾಣಿ ಅಂತಾನೇ ಕರೀತಿದಾರಲ್ಲೇ?"

"ಶತ್ರುಗಳ ಕಣ್ಣು ತಪ್ಪಿಸೋಕೆ ದಾಸಿಗೆ ರಾಣಿ ವೇಷ ಹಾಕ್ಸಿದಾರೆ. ಅಷ್ಟೂ ತಿಳಿಯಲ್ವಾ ನಿಂಗೆ?"

ಜಗಲಿಯಲ್ಲಿ ಬೆಳ್ಳಪ್ಪನ ಮಷಿನ್ ಗಕ್ಕನೆ ನಿಂತಿತು. ಹೊಲಿಗೆ ಬಿಚ್ಚಿದರೆ ಮತ್ತೆ ಹಾಕಬಹುದು, ಇದನ್ನು ಏನು ಮಾಡುವುದು? ಇಡೀ ಪೇಟೆ ಇಲ್ಲದ ರಾಣಿಗಾಗಿ ವಾರಗಟ್ಟಲೆ ಕಾಯಿತು. ಪ್ರತಿ ಭಾನುವಾರ, "ಇವತ್ತಾದ್ರೂ ಬರ್ತಾಳಾ?" ಎಂದು ಕೇಳಿಕೊಂಡೇ ಜನ ಮೆಟ್ಟಿಲು ಹತ್ತುತ್ತಿದ್ದರು. ನಿಜ ಹೇಳಿಬಿಡೋಣ ಎಂದು ಬೆಳ್ಳಪ್ಪ ಮನೆಯಲ್ಲಿ ಹಲವು ಸಲ ಬಾಯಿ ತೆರೆದ. ಬಂದ ಮಾತು ಮಾತ್ರ, "ಸಾರಿಗೆ ಉಪ್ಪು ಸರಿ ಇದೆ."

ಆಗ ತೀರ್ಥಹಳ್ಳಿಯಿಂದ ವರ್ಗವಾಗಿ ಬಂದ ನರ್ಸ್ ಮನೋರಮಾ ಜಮಖಾನದ ಮೇಲೆ ಬಂದು ಕೂತರು. ಅವರು ಕಾದಂಬರಿಯನ್ನು ಓದಿದ್ದವರು. ಎರಡು ವಾರ ಸುಮ್ಮನೆ ಕೇಳಿಸಿಕೊಂಡು, ಕೊನೆಗೆ ಮೆಲ್ಲಗೆ ಅಂದರು: "ಹುಲಿಯಮ್ಮ, ಬರೋ ವಾರ ಪಟ್ಟಾಭಿಷೇಕ. ಈ ಹುಡುಗಿಗೇ ಕಿರೀಟ ಇಡ್ತಾರೆ, ನೋಡಿ."

"ದಾಸಿಗಾ? ಸಿಸ್ಟರೇ, ನನ್ನ ಮಾತು ಸುಳ್ಳಾದ್ರೆ ನಾನು ಈ ಸ್ಟೂಲು ಬಿಟ್ಟೆ. ಸಂತೇಲೂ ಕಥೆ ಅಂತ ಬಾಯಿ ತೆಗೆಯಲ್ಲ. ನಮ್ಮನೆಯವರು ಸುಳ್ಳು ಓದೋ ಜನ ಅಲ್ಲ." ಹೀಗೆಂದು ಹುಲಿಯಮ್ಮ ಜಗಲಿಯತ್ತ ಕೈ ತೋರಿಸಿದಳು. ಬೆಳ್ಳಪ್ಪ ಕೆಳಗೆ ಬೀಳದೇ ಇದ್ದ ಸೂಜಿಯನ್ನು ಬಗ್ಗಿ ಹುಡುಕಿದ.

ಮುಂದಿನ ಭಾನುವಾರ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಟಿವಿಯಲ್ಲಿ ಶಂಖ ಊದಿದರು, ಹೂ ಸುರಿದರು. ಕಿರೀಟ ಸೀದಾ ಹೋಗಿ ಆ ತೆಳ್ಳನೆಯವಳ ತಲೆಯ ಮೇಲೆ ಕೂತಿತು.

"ದಾಸಿಗೆ ಬಡ್ತಿ ಸಿಕ್ತು!" ಎಂದ ಜಟ್ಟಿಂಗಪ್ಪ. ಎಲ್ಲರೂ ನಕ್ಕರು.

ಹುಲಿಯಮ್ಮ ಸ್ಟೂಲಿನಿಂದ ಎದ್ದಳು. "ನಗ್ಬೇಡಿ! ಇವಳನ್ನ ರಾಣಿ ಅನ್ನೋಕೆ ನಾಚಿಕೆ ಆಗಬೇಕು ಅವರಿಗೆ. ರಾಣಿ ಅಂದ್ರೆ ಹಿಂಗೆ, ನನ್ನಷ್ಟು ಎತ್ತರ ಇರಬೇಕು. ಕಪ್ಪು ಅಂದ್ರೆ ಮಿರಮಿರ ಕಪ್ಪು. ಮುಂದಿನ ಹಲ್ಲು ಒಂದರ ಮೇಲೊಂದು. ಕೂಗಿದ್ರೆ ಹೊಳೆ ಆಚೆ ಕೇಳಬೇಕು. ಎಡಗೈಲಿ ಕತ್ತಿ ಹಿಡಿದು ಹಿಂಗೆ ಎತ್ತಿದ್ಲು ಅಂದ್ರೆ…"

ಎಡಗೈ ಮೇಲಕ್ಕೆ ಹೋಗಿತ್ತು. ನಗು ನಿಂತಿತ್ತು. ಯಾರೂ ಟಿವಿ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಅವಳ ಹಲ್ಲಿನ ಮೇಲೆ, ಎತ್ತಿದ ಎಡಗೈಯ ಮೇಲೆ. ಆಮೇಲೆ ಒಬ್ಬೊಬ್ಬರಾಗಿ ಜಗಲಿಯ ಕಡೆ ತಿರುಗಿದರು. ಬೆಳ್ಳಪ್ಪ ಬಟ್ಟೆಯೇ ಇಲ್ಲದ ಮಷಿನನ್ನು ರಭಸವಾಗಿ ತುಳಿಯುತ್ತಿದ್ದ.

"ಅಯ್ಯೋ ದೇವರೇ" ಎಂದರು ಮನೋರಮಾ, ತಮ್ಮಷ್ಟಕ್ಕೆ.

ಹುಲಿಯಮ್ಮನ ಕೈ ನಿಧಾನವಾಗಿ ಕೆಳಗಿಳಿಯಿತು. ಅದು ಸೆರಗು ಹುಡುಕಿ ಬಾಯಿಗೆ ಅಡ್ಡ ಹಿಡಿಯಿತು. ರಿಪ್ಪನ್‌ಪೇಟೆ ಅವಳನ್ನು ಹಾಗೆ ಕಂಡದ್ದು ಅದೇ ಮೊದಲು. ಜನ ದಾರಿ ಬಿಟ್ಟರು. ಅವಳು ಯಾರ ಮುಖವನ್ನೂ ನೋಡದೆ ಇಳಿದು ಹೋದಳು.

ಸಂಜೆ ಬೆಳ್ಳಪ್ಪ ಮನೆಗೆ ಬಂದಾಗ ಅವಳು ಮೊರ ಹಿಡಿದು ಕೂತಿದ್ದಳು. ಅವನು ಎದುರಿಗೆ ಕೂತ. ಅವಳು ಸೀಗಡಿಯಿಂದ ಕಣ್ಣೆತ್ತದೆ ಕೇಳಿದಳು.

"ಪುಸ್ತಕದಲ್ಲಿ ಅವಳ ಹಲ್ಲು ಹೆಂಗಿತ್ತು?"

"ಮಲ್ಲಿಗೆ ಮೊಗ್ಗು."

"ಬಣ್ಣ?"

"ಹಾಲು."

"ಊರೆಲ್ಲ ನನ್ನ ಬಾಯಿ ನೋಡ್ತು ಇವತ್ತು. ಯಾಕೆ ಹಂಗೆ ಓದಿದ್ರಿ? ತಮಾಷೆಗಾ?"

ಬೆಳ್ಳಪ್ಪ ತನ್ನ ಬೆರಳುಗಳನ್ನು ಒಂದೊಂದಾಗಿ ನೋಡಿಕೊಂಡ. ಇಷ್ಟು ವರ್ಷದಲ್ಲಿ ಅವನು ಒಟ್ಟಿಗೆ ಇಷ್ಟು ಮಾತು ಆಡಿದ್ದಿಲ್ಲ. "ತಮಾಷೆ ಅಲ್ಲ ಮಾರಾಯ್ತಿ. ಓದುವಾಗ ನೀನು ಎದುರಿಗೆ ಕೂತಿರ್ತಿದ್ದೆ. 'ರಾಣಿ' ಅಂತ ಓದಿ ತಲೆ ಎತ್ತಿದೆ, ನೀನು ಕಂಡೆ. ಆಮೇಲೆ ಆ ಮಲ್ಲಿಗೆ ಮೊಗ್ಗು ಬಾಯಿಗೆ ಬರಲೇ ಇಲ್ಲ."

ಹುಲಿಯಮ್ಮ ಮೊರವನ್ನು ಕೆಳಗಿಟ್ಟಳು. ಮತ್ತೆ ಎತ್ತಿಕೊಂಡಳು. ಸೀಗಡಿಯಲ್ಲಿ ಏನೋ ಕಸ ಹುಡುಕುವವಳಂತೆ ತಲೆ ಬಗ್ಗಿಸಿ ಕೇಳಿದಳು: "ಮತ್ತೆ ಆ ಅರಮನೆ ದರ್ಜಿ? ರಾಣಿ ಯುದ್ಧಕ್ಕೆ ಹೊರಟಾಗ ಕವಚದ ಹರುಕು ಹೊಲಿದು ಕೊಟ್ಟು, ಅವಳು ವಾಪಸು ಬರೋ ತನಕ ಬಾಗಿಲಲ್ಲೇ ನಿಂತಿದ್ದನಲ್ಲ, ಅವನು?"

"ಅವನೂ ಇಲ್ಲ."

"ಏಳು ಪುಸ್ತಕದಲ್ಲೂ?"

"ಒಬ್ಬ ದರ್ಜಿನೂ ಇಲ್ಲ."

ಅವಳು ಮೊದಲು ಮೂಗಿನಲ್ಲಿ ನಕ್ಕಳು. ಆಮೇಲೆ ನಗು ಬಾಯಿಗೆ ಬಂತು. "ಇಷ್ಟು ಕಳ್ಳ ಅಂತ ಗೊತ್ತಿರ್ಲಿಲ್ಲ ಕಣ್ರೀ" ಎಂದು ಕಣ್ಣೊರೆಸಿಕೊಂಡಳು. ಬೆಳ್ಳಪ್ಪನಿಗೆ ಅದು ಯಾವ ನೀರು ಎಂದು ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಮುಂದಿನ ಭಾನುವಾರ ಸ್ಟೂಲು ಖಾಲಿ ಇತ್ತು. ಕಥೆ ಶುರುವಾಗಿ ಒಂದಷ್ಟು ಹೊತ್ತು ಯಾರಿಗೂ ತಲೆಬುಡ ತಿಳಿಯಲಿಲ್ಲ. "ಸಿಸ್ಟರೇ, ನೀವಾದ್ರೂ ಹೇಳಿ" ಎಂದರೆ ಮನೋರಮಾ, "ನಾನು ಓದಿದ್ದು ಬೇರೆ ಪುಸ್ತಕ ಇರಬೇಕು" ಎಂದುಬಿಟ್ಟರು. ಅಷ್ಟರಲ್ಲಿ ಮೆಟ್ಟಿಲ ಮೇಲೆ, "ಹೋಯ್, ಸ್ವಲ್ಪ ಸರೀರಿ" ಎಂಬ ದನಿ ಕೇಳಿತು. ಹುಲಿಯಮ್ಮ ಬಂದು ಸ್ಟೂಲಿನ ಮೇಲೆ ಕೂತಳು. ಸೆರಗು ಅದರ ಜಾಗದಲ್ಲಿ ಇತ್ತು.

ಜಟ್ಟಿಂಗಪ್ಪ ಈ ಸಲ ಹುಷಾರಾಗಿ ಕೇಳಿದ: "ಹುಲಿಯಕ್ಕ, ಈಗ ಇವಳನ್ನ ಏನಂತ ತಿಳ್ಕೊಳ್ಳೋದು?"

"ರಾಣಿ ಅಂತಲೇ ತಿಳ್ಕೊಳ್ಳಿ. ಪಾಪ, ಆ ಹುಡುಗೀದೂ ಹೊಟ್ಟೆಪಾಡು." ಅವಳು ಪರದೆಯ ಮೂಲೆಗೆ ಎಡಗೈಯ ಬೆರಳು ಚಾಚಿದಳು. ಅಲ್ಲಿ ಈಟಿ ಹಿಡಿದ ಬಡಪಾಯಿ ಕಾವಲಿನವನೊಬ್ಬ ಯಾರಿಗೂ ಬೇಡವಾಗಿ ನಿಂತಿದ್ದ. "ಅಲ್ಲಿ ಬಾಗಿಲ ಹತ್ರ ಇದಾನಲ್ಲ, ಅವನನ್ನ ಸರಿಯಾಗಿ ನೋಡ್ಕೊಳ್ಳಿ. ಅವನು ಅರಮನೆ ದರ್ಜಿ. ಮಾತು ಕಮ್ಮಿ. ಆದ್ರೆ ಈ ಕಥೆಯೆಲ್ಲ ಅವನದ್ದೇ."

ಜನವೆಲ್ಲ ಕತ್ತು ಚಾಚಿ ಕಾವಲಿನವನನ್ನು ನೋಡಿದರು. ಮನೋರಮಾ, "ಹೌದು, ಅವನೇ" ಎಂದು ಸಾಕ್ಷಿ ಹೇಳಿದರು. ಜಗಲಿಯಲ್ಲಿ ಬೆಳ್ಳಪ್ಪ ಯಾರದೋ ಅಂಗಿಗೆ ಮೂರನೆಯ ತೋಳು ಹೊಲಿಯುತ್ತಿದ್ದ.