ಅವ್ವನ ಕಾಲಿನ ಕಥೆ

ಸ್ವಾತಂತ್ರ್ಯ ಬಂದ ಮೇಲಿನ ವರ್ಷಗಳಲ್ಲಿ ಕುರುಗೋಡಿನ ಯುವಕ ಸಂಘಕ್ಕೆ ನಾನೇ ಮುಖಂಡ. ಬಳ್ಳಾರಿಯಲ್ಲಿ ಹೈಸ್ಕೂಲು ಓದಿ ಬಂದವನೆಂಬ ಒಂದೇ ಕಾರಣಕ್ಕೆ ಆ ಪಟ್ಟ ಸಿಕ್ಕಿತ್ತು. ನಮ್ಮ ಓಣಿಯವರು ಮೆಟ್ಟಿಲು ಬಾವಿಗಿಳಿದು, ನೀರಿನಲ್ಲಿ ಕಾಲಿಟ್ಟೇ ಕೊಡ ತುಂಬುತ್ತಿದ್ದರು. ನಾರುಹುಣ್ಣು, ಅಂದರೆ ದಾರದಂಥ ಹುಳು ಹೊರಬರುವ ಹುಣ್ಣು, ಆದವರ ಕಾಲಿನಿಂದ ಹುಳುವಿನ ಮರಿಗಳು ನೀರಿಗೆ ಸೇರುತ್ತಿದ್ದವು. ಅದನ್ನೇ ಕುಡಿದವರಿಗೆ ಮತ್ತೆ ಹುಣ್ಣು. ಮೆಟ್ಟಿಲು ಮುಚ್ಚಿ ರಾಟೆ ಹಾಕೋಣವೆಂದು ಭಾಷಣದ ಮೇಲೆ ಭಾಷಣ ಮಾಡಿದೆ. ಕೊನೆಕೊನೆಗೆ ಸಂಘದ ಹುಡುಗರೂ ಸಭೆಗೆ ಬರುವುದನ್ನು ಬಿಟ್ಟರು.

ಸಿರುಗುಪ್ಪದಲ್ಲಿ ಮಾಸ್ತರಾಗಿದ್ದ ನನ್ನ ಸೋದರಮಾವ, “ನೀ ಹೇಳೂದು ಡಂಗುರ ಹೊಡದಂಗ ಐತಿ. ಕಥಿ ಹೇಳೋ” ಎಂದರು.

ಓಣಿಯವರನ್ನು ಸೇರಿಸಿ ರಾಜನೊಬ್ಬನ ಕಥೆ ಕಟ್ಟಿ ಹೇಳಿದೆ. ಕಥೆಯಲ್ಲಿ ಅವನು ಕೊಡ ಹಿಡಿದು ಬಾವಿಗಿಳಿಯುವಷ್ಟರಲ್ಲಿ ಸಭೆಯಲ್ಲಿದ್ದ ಒಬ್ಬ ಮುದುಕಿ ಕೇಳಿದಳು: “ರಾಜ ತಾನ ಯಾಕ ನೀರಿಗಿ ಬಂದ? ಮನ್ಯಾಗ ಆಳು ಇರಲಿಲ್ಲೇನಪ್ಪಾ?”

ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಆ ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಅವ್ವನ ಕಥೆ. ನಾರುಹುಣ್ಣಾಗಿ ಅವಳು ಬೇಸಿಗೆಯಿಡೀ ಮಲಗಿದ್ದನ್ನು, ಹುಳುವನ್ನು ಕಡ್ಡಿಗೆ ಸುತ್ತಿ ದಿನಾ ಇಷ್ಟಿಷ್ಟೇ ಎಳೆಯುವಾಗ ಗೊಳೋ ಎಂದು ಅತ್ತದ್ದನ್ನು ಹೇಳಿದೆ. ಆ ಮುದುಕಿಯೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗೆದ್ದೆನೆಂದುಕೊಂಡು ಮನೆಗೆ ಬಂದರೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು.

“ನಾ ಯಾವಾಗ ಅತ್ತಿದ್ನೋ?” ಅವ್ವ ಬಾಗಿಲಲ್ಲೇ ಕೇಳಿದಳು.

“ಜನ ಕೇಳಲಿ ಅಂತ ಹೇಳಿದ್ನವ್ವಾ.”

“ಹೇಳೂದಿದ್ರ ಸರಿಯಾಗಿ ಹೇಳು.”

ಮುಂದಿನ ಸಭೆಗೆ ಅವಳೇ ಬಂದಳು. ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

“ನಾ ಅಳಲಿಲ್ಲ, ಎಲ್ಲಾರ್ನೂ ಬೈದೆ. ಆ ಬ್ಯಾಸಗ್ಯಾಗ ನನಗ ನೀರು ತಂದು ಹಾಕಿದಾಕಿ ಬಾಜೂ ಮನಿ ಸೊಸಿ. ಮುಂದಿನ ವರ್ಷ ಆಕಿನೂ ಕಾಲು ಹಿಡಕೊಂಡು ಕುಂತ್ಲು. ಆಕಿಗಿ ನಾ ತಂದು ಹಾಕಿದೆ. ಈ ವರ್ಷ ಯಾರ ಸರದಿ, ಹೇಳ್ರಿ?”

ಮರುದಿನ ಹೆಂಗಸರು ಮೆಟ್ಟಿಲು ಮುಚ್ಚಲು ಕಲ್ಲು ಹೊರತೊಡಗಿದರು, ಹಿಂದೆಯೇ ಗಂಡಸರೂ ಬಂದರು. ರಾಟೆ ಬಂತು. ಅಷ್ಟು ದಿನ ಗಂಟಲು ಹರಿದುಕೊಂಡ ನನ್ನನ್ನು ಯಾರೂ ಕೇಳಲಿಲ್ಲ. ಖುಷಿಗಿಂತ ಹೊಟ್ಟೆಯುರಿಯೇ ಹೆಚ್ಚಾಯಿತು.

ಬೇಸಿಗೆಗೆ ನೀರು ತಳ ಮುಟ್ಟಿ ಕೊಡ ಮುಳುಗದಾದಾಗ ಮತ್ತೆ ಕೆಲವರು ಕಲ್ಲು ಸರಿಸಿ ಬಾವಿಗಿಳಿದರು. ಸಭೆ ಕರೆದೆ. ಈ ಸಲ ಭಾಷಣ ಮಾಡಲಿಲ್ಲ. “ನಿಮ್ಮ ಮನ್ಯಾಗ ಏನಾತು, ಹೇಳ್ರಿ” ಎಂದೆ. ಒಬ್ಬರು ಶುರುಮಾಡಿದರೆ ಇನ್ನೊಬ್ಬರು ಅಡ್ಡ ಬಾಯಿ ಹಾಕುತ್ತಿದ್ದರು. ಬಾವಿಯ ಮಾತು ಹಳೆಯ ಜಗಳಗಳಿಗೆ ಜಾರುತ್ತಿತ್ತು. ಎದ್ದು ಹೋಗಬೇಕೆನಿಸಿದರೂ, ಅವರವರ ಕಥೆ ಅವರೇ ಸರಿಯಾಗಿ ಹೇಳಲೆಂದು ಹಲ್ಲು ಕಚ್ಚಿ ಕೇಳುತ್ತ ಕುಳಿತೆ.