ಬೌದ್ಧ ಡಾಕ್ಟರಿಗೆ ನಾನು ಮಾಡಿದ ಅನುವಾದ

ಇಂಗ್ಲೆಂಡಿನಲ್ಲಿ ಮೂಳೆ ಡಾಕ್ಟರಾಗಿದ್ದವರೊಬ್ಬರು ಕೆಲಸ ಬಿಟ್ಟು ಬೌದ್ಧರಾಗಿ, ಧ್ಯಾನ ಕಲಿಸಲು ತುರುವನೂರಿಗೆ ಬಂದರು. ಊರಾಚೆಯ ಹಳೆಯ ಶೇಂಗಾ ಗೋದಾಮು ಹಿಡಿದು, ಸುಣ್ಣ ಹೊಡೆಸಿ, ಬುದ್ಧನ ವಿಗ್ರಹವೊಂದನ್ನು ಇಟ್ಟರು. ನಾನು ಅಲ್ಲಿನ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು. ದುಭಾಷಿಯಾಗಿ ಬನ್ನಿ ಎಂದು ಅವರು ಕರೆದಾಗ ನನ್ನ ಇಂಗ್ಲಿಷಿನ ಬಗ್ಗೆ ಭಯವಿತ್ತು. ಆದರೆ ಊರವರ ಮುಂದೆ ಅದನ್ನಾಡುವ ಚಪಲ ಭಯಕ್ಕಿಂತ ದೊಡ್ಡದಿತ್ತು.

ಮೊದಲ ದಿನ ಬಂದವರು ಐದೇ ಜನ. ಅವರಲ್ಲಿ ಇಬ್ಬರು ಡಾಕ್ಟರ ಜಾತಿ ವಿಚಾರಿಸಲು ಬಂದವರು. ಅಷ್ಟರಲ್ಲಿ ಅವರು ಮೂಳೆ ಡಾಕ್ಟರೆಂಬ ಸುದ್ದಿ ಹಬ್ಬಿತು. ಮರುದಿನ ಗೋದಾಮು ತುಂಬಿತು. ಎಲ್ಲರ ಕಂಕುಳಲ್ಲೂ ಎಕ್ಸ್‌ರೇ ಕವರು.

ಡಾಕ್ಟರಿಗೆ ಗಾಬರಿ. ತಾವೀಗ ವೈದ್ಯರಲ್ಲ, ಎಲ್ಲರೂ ಸುಮ್ಮನೆ ಕುಳಿತು ಉಸಿರನ್ನು ನೋಡಲಿ, ನೋವಾದರೆ ನೋವನ್ನೂ ನೋಡಲಿ ಎಂದರು. ಹಾಗೇ ಹೇಳಿದರೆ ಗೋದಾಮು ಖಾಲಿಯಾಗುತ್ತದೆ, ನನ್ನ ದುಭಾಷಿ ಪದವಿಯೂ ಹೋಗುತ್ತದೆ. ನಾನು, "ಮೊದ್ಲು ಎಲ್ರೂ ಕಣ್ಮುಚ್ಚಿ ಕುಂತ್ಕಳ್ರಿ. ಉಸಿರು ನೋಡ್ಕಳ್ರಿ. ಮಿಕ್ಕಿದ್ದು ಆಮೇಲೆ" ಎಂದೆ.

ಕುಳಿತರು ನೋಡಿ! ದಿನವಿಡೀ ಬಯಲಲ್ಲಿ ಕುರಿ ಕಾಯುವವರಿಗೆ ಅರ್ಧ ಗಂಟೆ ಯಾವ ಲೆಕ್ಕ? ಡಾಕ್ಟರ ಕಣ್ಣು ಒದ್ದೆಯಾಯಿತು. ತಮ್ಮ ದೇಶದಲ್ಲಿ ಐದು ನಿಮಿಷಕ್ಕೇ ಜನ ಮೊಬೈಲು ತೆಗೆಯುತ್ತಾರೆ, ಇಲ್ಲಿಯವರ ರಕ್ತದಲ್ಲೇ ಬುದ್ಧನಿದ್ದಾನೆ ಎಂದರು. ಊರಿಗೆ ಊರೇ ಧರ್ಮದತ್ತ ತಿರುಗಿದೆಯೆಂದು ಗೆಳೆಯರಿಗೆ ಬರೆದರು. ಚಿತ್ರದುರ್ಗದಿಂದ ಯಾರೋ ಬಂದು ಅವರಿಗೆ ಶಾಲು ಹೊದಿಸಿದರು. ನನಗೂ ಒಂದು ಸಿಕ್ಕಿತು. ಬೇಡವೆನ್ನಲಿಲ್ಲ.

ಎಂಟು ದಿನ ಹೀಗೇ ನಡೆಯಿತು. ಒಂಬತ್ತನೆಯ ದಿನ, ಮುಂದೆ ಕುಳಿತಿದ್ದ ಕುರಿಗಾಹಿ ಮನೆಯ ಅಜ್ಜಿ ನಡುವೆಯೇ ಕಣ್ಣು ಬಿಟ್ಟಳು.

"ಮೇಷ್ಟ್ರೇ, ಎಂಟು ದಿನದಿಂದ ಕುಂತೀನಿ. ನನ್ನ ನಂಬರ್ ಯಾವಾಗ ಬರ್ತೈತೆ?"

'ನಂಬರ್' ಡಾಕ್ಟರಿಗೂ ತಿಳಿಯಿತು. ಯಾವ ನಂಬರ್ ಎಂದು ನನ್ನನ್ನು ಕೇಳಿದರು. ಇವರೆಲ್ಲ ಮೂಳೆ ತೋರಿಸಲು ಸರದಿ ಕಾಯುತ್ತಿದ್ದಾರೆಂದು ಒಪ್ಪಿಕೊಂಡೆ. ಬೈಯಬಹುದಿತ್ತು. ಬೈಯಲಿಲ್ಲ. ಎದ್ದು ಬಂದು ಅಜ್ಜಿಯ ಮುಂದೆ ಮಂಡಿಯೂರಿದರು. ಅವಳ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಒತ್ತಿದರು.

"ಹೂಂನಪ್ಪ, ಅಲ್ಲೇ" ಎಂದಳು ಅಜ್ಜಿ.

ಅಂದು ಸಂಜೆಯವರೆಗೆ ಒಬ್ಬೊಬ್ಬರನ್ನೇ ನೋಡಿದರು. ಕೆಲವರಿಗೆ ವ್ಯಾಯಾಮ ಹೇಳಿಕೊಟ್ಟರು, ಕೆಲವರನ್ನು ದುರ್ಗದ ಆಸ್ಪತ್ರೆಗೆ ಹೋಗಿ ಎಂದರು. ನಾನು ಒಂದಕ್ಷರ ಕೂಡಿಸದೆ ಅನುವಾದಿಸಿದೆ.

ಮರುದಿನ ಗೋದಾಮಿನಲ್ಲಿ ಉಳಿದವರು ನಾವಿಬ್ಬರು ಮತ್ತು ಆ ಅಜ್ಜಿ.

"ಕಾಲು ನೋಡಿದ್ದಾತಲ್ಲಜ್ಜಿ, ಮತ್ಯಾಕೆ ಬಂದೆ?" ಎಂದೆ.

"ಕಾಲಿಗಲ್ಲಪ್ಪ. ಮನೇಲಿ ಮೂರು ಜನ ಸೊಸೇರು ಅವ್ರೆ. ಇಲ್ಲಿಗೆ ಬಂದ್ರೆ ಯಾರೂ ಮಾತಾಡಲ್ಲ."

ಹಾಗೇ ಇಂಗ್ಲಿಷಿಗೆ ತಂದೆ. ಡಾಕ್ಟರು ಗಟ್ಟಿಯಾಗಿ ನಕ್ಕರು. ತಾವೂ ಧ್ಯಾನಕ್ಕೆ ಕೂರಲು ಶುರುಮಾಡಿದ್ದು ಹೆಚ್ಚುಕಮ್ಮಿ ಇಂಥದೇ ಕಾರಣಕ್ಕೆ ಎಂದು ಹೇಳಿ, ಅವಳ ಪಕ್ಕದಲ್ಲಿ ಚಾಪೆ ಹಾಸಿಕೊಂಡರು.